ಆಯಿಯನ್ನು ಯಾರಾದರೂ ಕೇಳಿದಿರಾ?

ಮನೆ ಬಳಗ ಗುಂಪು
ಶುಕ್ರವಾರ, ಸಂಜೆ 7:12

ಕಾರವಾರ ಅಣ್ಣ: (ಫಾರ್ವರ್ಡ್ ಆದ ಫೋಟೋ. ಬುಟ್ಟಿಯಲ್ಲಿ ಎರಡು ಮರಿ. ಕೆಳಗೆ ಬರೆದದ್ದು: ‘ಶುದ್ಧ ತಳಿ ಹಸ್ಕಿ. 35 ದಿನದ ಮರಿ. ನೀಲಿ ಕಣ್ಣು. ಮನೆ ಬಾಗಿಲಿಗೇ ತಂದುಕೊಡುತ್ತೇವೆ. ಎರಡೇ ಉಳಿದಿವೆ.’)

ಕಾರವಾರ ಅಣ್ಣ: ಬಲಗಡೆಯದು ನಮ್ಮ ಮನೆಗೆ. ಮುಂದಿನ ವಾರ ಪುಟ್ಟಿಗೆ ಒಂಬತ್ತು ತುಂಬುತ್ತದೆ. ಅವಳು ಆಗಲೇ ಹೆಸರೂ ಇಟ್ಟಾಗಿದೆ. ನಾಳೆ ಮುಂಗಡ ಕಳಿಸಬೇಕು. ಹೇಗಿದೆ ಹೇಳಿ.

ಹುಬ್ಬಳ್ಳಿ ತಮ್ಮ: ಮಸ್ತ್ ಇದೆ ಅಣ್ಣಾ!

ಶಿರಸಿ ದೊಡ್ಡಪ್ಪ: ಚೆಂದ ಇದೆ. ಆದರೆ ದುಡ್ಡು ಕೊಟ್ಟು ತರುವುದು ಯಾಕೋ? ನಮ್ಮ ಕಾಳಿ ಮರಿ ಹಾಕಿ ತಿಂಗಳಾಯಿತು. ಕೊಟ್ಟಿಗೆಯಲ್ಲಿ ದರಕಿನ ಮೇಲೆ ಐದು ಮರಿ ಹೊರಳಾಡುತ್ತಿವೆ. ಬಂದು ಬೇಕಾದ್ದನ್ನು ಆರಿಸಿಕೊಂಡು ಹೋಗು.

ಕಾರವಾರ ಅಣ್ಣ: ದೊಡ್ಡಪ್ಪ, ಅವು ತೋಟಕ್ಕೆ ಸರಿ. ನಮ್ಮದು ಅಪಾರ್ಟ್‌ಮೆಂಟ್, ಮೂರನೇ ಮಹಡಿ.

ಶಿರಸಿ ದೊಡ್ಡಪ್ಪ: ತೋಟ ಕಾಯುವುದು ಮನೆ ಕಾಯುವುದಿಲ್ಲವೇ? ಕಾಳಿ ಇಲ್ಲದಿದ್ದರೆ ಮಂಗಗಳು ಒಂದು ಎಳೆ ಅಡಿಕೆ ಉಳಿಸುತ್ತಿರಲಿಲ್ಲ. ಅವಳ ತಾಯಿಯನ್ನು ಚಿರತೆ ನಮ್ಮ ಜಗುಲಿಯಿಂದಲೇ ಎತ್ತಿಕೊಂಡು ಹೋಯಿತು. ಆಗ ಇವಳು ಬೊಗಸೆಯಷ್ಟು ಮರಿ. ಇವತ್ತಿಗೂ ಕತ್ತಲಾದರೆ ಬಾಗಿಲಿಗೆ ಅಡ್ಡ ಮಲಗುತ್ತಾಳೆ. ಇವಳಿಗೆ ಬೆಲೆ ಇಲ್ಲ, ನೀಲಿ ಕಣ್ಣಿಗೆ ಬೆಲೆ ಇದೆ ಅಂದರೆ ನನಗೆ ಬೇಜಾರಾಗುತ್ತದೆ.

ನಾನು: ಅಣ್ಣಾ, ಮುಂಗಡ ಕಳಿಸಬೇಡ. ಎರಡು ದಿನ ತಡಿ. ಭಾವ ಏನು ಹೇಳುತ್ತಾರೆ ಕೇಳೋಣ.

ಅಂಕೋಲಾ ಡಾಕ್ಟರ್ ಭಾವ: ಈಗಷ್ಟೇ ನೋಡಿದೆ. ಮೊದಲು 35 ದಿನದ ವಿಷಯ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2017ರಲ್ಲೇ ಕೇಂದ್ರದ ನಿಯಮ ಬಂದಿದೆ. ಮಾರಲು ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಇದು ಬರೀ ಕಾಗದದ ಮಾತಲ್ಲ. ಆ ಮೂರು ವಾರದಲ್ಲೇ ಮರಿ ತನ್ನ ಒಡಹುಟ್ಟಿದವರ ಜೊತೆ ಆಡುತ್ತಾ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಕಲಿಯುತ್ತದೆ. ಬೇಗ ಬಿಡಿಸಿದ ಮರಿ ಅದನ್ನು ಮಕ್ಕಳ ಕೈ ಮೇಲೆ ಕಲಿಯುತ್ತದೆ. ಲಸಿಕೆ ಆಗದ ಮರಿಗೆ ಪಾರ್ವೊ ಎನ್ನುವ ವಾಂತಿಭೇದಿಯ ಸೋಂಕು ಬಂದರೆ ಉಳಿಸುವುದು ಬಹಳ ಕಷ್ಟ. ಅಂಥ ಮರಿಗಳನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಹತ್ತಿರ ತರುತ್ತಾರೆ. ತಂದವರ ಹಿಂದೆ ಯಾವಾಗಲೂ ಒಂದು ಮಗು ನಿಂತಿರುತ್ತದೆ.

ಇನ್ನು ಹಸ್ಕಿ. ಒಳ್ಳೆಯ ನಾಯಿ, ಕೆಟ್ಟದ್ದಲ್ಲ. ಸೈಬೀರಿಯಾದ ಚುಕ್ಚಿ ಜನ ಹಿಮದಲ್ಲಿ ಬಂಡಿ ಎಳೆಯಲು ಬೆಳೆಸಿದ ತಳಿ. ಎರಡು ಪದರದ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಕಾರವಾರದ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ತೇಕಿದರೂ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಕೂದಲು ಬೋಳಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದೂ ತಪ್ಪು. ಮೇಲಿನ ಪದರ ಬಿಸಿಲನ್ನೂ ತಡೆಯುತ್ತದೆ.

ಕಾರವಾರ ಅಣ್ಣ: ಏಸಿ ಹಾಕಿಸುತ್ತೇನೆ ಭಾವ. ಬೆಂಗಳೂರಿನಲ್ಲಿ ಎಷ್ಟು ಜನ ಸಾಕಿಲ್ಲ?

ಅಂಕೋಲಾ ಡಾಕ್ಟರ್ ಭಾವ: ಬೆಂಗಳೂರಿನ ಗಾಳಿಯೇ ಬೇರೆ, ನಮ್ಮದೇ ಬೇರೆ. ಮತ್ತೆ ಮೊದಲ ಗುಡುಗಿಗೇ ಕರೆಂಟ್ ಹೋಗುವ ಊರು ನಮ್ಮದು.

ಹುಬ್ಬಳ್ಳಿ ತಮ್ಮ: ಹಾಗಾದರೆ ಮುಧೋಳ ತನ್ನಿ. ನಮ್ಮ ಕರ್ನಾಟಕದ್ದೇ ತಳಿ. 2005ರಲ್ಲಿ ಅಂಚೆ ಚೀಟಿ ಬಂದಿದೆ, 2016ರಲ್ಲಿ ಸೈನ್ಯಕ್ಕೂ ಮರಿ ಒಯ್ದಿದ್ದಾರೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ವಿಶ್ವವಿದ್ಯಾಲಯದ್ದೇ ಕೇಂದ್ರ ಇದೆ. ಮೋಸ ಇಲ್ಲ.

ಅಂಕೋಲಾ ಡಾಕ್ಟರ್ ಭಾವ: ನನಗೂ ಬಹಳ ಹೆಮ್ಮೆಯ ತಳಿ ಅದು. ಆದರೆ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆ ನಾಯಿ. ಬಾಗಲಕೋಟೆಯ ಬಯಲಲ್ಲಿ ಓಡಲು ಹುಟ್ಟಿದ್ದು. ಬೆಕ್ಕು ಕಂಡರೆ ಸಾಕು, ಹಗ್ಗ ಕೈಯಲ್ಲಿ ಉಳಿಯುವುದಿಲ್ಲ. ಅಂಗಳವೇ ಇಲ್ಲದ ಮನೆಗೆ ನಾನು ಹೇಳಲಾರೆ.

ದೊಡ್ಡಪ್ಪ, ಮಾತಿನ ಮಧ್ಯೆ ಒಂದು. ಕಾಳಿಗೆ ಉಣುಗಿನ ಔಷಧಿ ಹಾಕಿಸಿದಿರಾ? ಬೆಟ್ಟಕ್ಕೆ ಹೋಗಿಬರುವ ನಾಯಿ ಉಣುಗನ್ನು ಸೀದಾ ಜಗುಲಿಗೆ ತರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾಯಿತು. ಈಗಲೂ ಸಿದ್ದಾಪುರದ ಕಡೆ ಕೇಳುತ್ತಿರುತ್ತೇವೆ. ನೀವು ಕಾಳಿಯ ತಲೆ ತೊಡೆ ಮೇಲೆ ಇಟ್ಟುಕೊಂಡು ಕೂರುವವರು, ಅದಕ್ಕೇ ಹೇಳಿದೆ.

ಶಿರಸಿ ದೊಡ್ಡಪ್ಪ: ಹೋದ ತಿಂಗಳು ಹಾಕಿಸಿದ್ದೆ. ಈಗ ಮತ್ತೆ ಹಾಕಿಸುತ್ತೇನೆ.

ಕಾರವಾರ ಅಣ್ಣ: ಎಲ್ಲದಕ್ಕೂ ಬೇಡ ಬೇಡ. ಒಬ್ಬರಾದರೂ ಯಾವುದು ಆಗುತ್ತದೆ ಅಂತ ಹೇಳಿದಿರಾ? ನಾನು ಎಂಟು ವರ್ಷದವನಿದ್ದಾಗಿನಿಂದ ನಾಯಿ ಬೇಕು ಅಂದೆ. ಅಪ್ಪಯ್ಯ ಬಿಡಲಿಲ್ಲ. ನನ್ನ ಮಗಳು ಕೇಳುವಾಗ ನಾನೂ ಅದನ್ನೇ ಹೇಳಲಾ? ಲ್ಯಾಬ್ರಡಾರ್ ತರುತ್ತೇನೆ ಬಿಡಿ. ಅದಕ್ಕಾದರೂ ಯಾರ ತಕರಾರೂ ಇರಲಿಕ್ಕಿಲ್ಲ.

ನಾನು: ನನ್ನದಿದೆ ಅಣ್ಣಾ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ನಮ್ಮ ಕುಮಟಾ ಮನೆಯಲ್ಲಿ ರಾಜ ಇದ್ದದ್ದು ನಿಮಗೆಲ್ಲ ಗೊತ್ತು. ಅವನು ಯಾಕೆ ಹೋದ ಅಂತ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಲ್ಯಾಬ್ರಡಾರ್ ಮನೆಮಂದಿಗೆ ಒಗ್ಗುವ ನಾಯಿ, ಮಕ್ಕಳಿಗೆ ಒಳ್ಳೆಯದು ಅಂತ ಎಲ್ಲ ಕಡೆ ಓದಿದ್ದೆ. ಅದು ಸುಳ್ಳಲ್ಲ. ಅವನು ಒಂದು ದಿನ ಯಾರಿಗೂ ಹಲ್ಲು ತೋರಿಸಲಿಲ್ಲ. ಆದರೆ ಒಂದೂವರೆ ವರ್ಷಕ್ಕೆ 34 ಕಿಲೋ ಆದ. ನಾನು ಶಾಲೆಗೆ, ಇವರು ಅಂಗಡಿಗೆ. ಹಗಲಿಡೀ ಅವನ ಜೊತೆ ಇದ್ದದ್ದು ಅತ್ತೆ ಒಬ್ಬರೇ. ಒಂದು ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತವರು ಗೇಟಿನ ಮುಂದೆ ಹೋದರು. ಇವನು ಹಾರಿದ. ಸರಪಳಿ ಅತ್ತೆಯ ಕೈಯಲ್ಲಿತ್ತು. ಮಣಿಕಟ್ಟು ಮುರಿಯಿತು.

ಅಲ್ಲಿಂದ ಅವನನ್ನು ಹಿಂದಿನ ಬಾಗಿಲಿಗೆ ಕಟ್ಟಿಹಾಕಿದೆವು. ಓಡಬೇಕಾದ ನಾಯಿ ಹಗಲೆಲ್ಲ ಕಟ್ಟಿದಲ್ಲೇ. ಜೂನ್ ಬಂತು. ನಾಲ್ಕು ತಿಂಗಳು ಮಳೆ. ಅವನ ಕೂದಲು ಒಣಗಿದ್ದೇ ಇಲ್ಲ. ಕಿವಿಯಲ್ಲಿ ಕೀವು, ಹೊಟ್ಟೆಯ ಅಡಿ ಹುಣ್ಣು, ಮನೆ ತುಂಬಾ ವಾಸನೆ. ರಾತ್ರಿ ಕೂಗುತ್ತಿದ್ದ. ಕೊನೆಗೆ ಘಟ್ಟದ ಮೇಲೆ ಪರಿಚಯದವರ ತೋಟದ ಮನೆಗೆ ಬಿಟ್ಟು ಬಂದೆವು. ಎರಡು ತಿಂಗಳ ಮೇಲೆ ನೋಡಲು ಹೋದೆವು. ಕಾರಿನ ಬಾಗಿಲು ತೆಗೆದದ್ದೇ ತಡ, ಒಳಗೆ ಹಾರಿ ತನ್ನ ಹಳೆಯ ಜಾಗದಲ್ಲಿ ಕೂತ. ಮನೆಗೆ ಕರೆದುಕೊಂಡು ಹೋಗಲು ಬಂದಿದ್ದಾರೆ ಅಂದುಕೊಂಡ. ಅವನನ್ನು ಇಳಿಸಿ ಬರಬೇಕಾಯಿತು. ದೇವಿಮನೆ ಘಟ್ಟ ಇಳಿಯುವಷ್ಟು ಹೊತ್ತೂ ಇವರು ಒಂದು ಮಾತಾಡಲಿಲ್ಲ.

ತಳಿ ಆರಿಸುವಾಗ ನಾನು ತಪ್ಪು ಮಾಡಿರಲಿಲ್ಲ ಅಣ್ಣಾ. ಒಂಬತ್ತು ಗಂಟೆಗೆ ನಾವೆಲ್ಲ ಹೊರಟ ಮೇಲೆ ಅವನ ಜೊತೆ ಯಾರಿರುತ್ತಾರೆ ಅಂತ ಯೋಚಿಸಲೇ ಇಲ್ಲ.

ಕಾರವಾರ ಅತ್ತಿಗೆ: ಓದಿ ಕಣ್ಣು ತುಂಬಿತು. ನಾನೂ ಒಂದು ಮಾತು ಹೇಳುತ್ತೇನೆ, ಇವರು ಬೇಜಾರು ಮಾಡಿಕೊಳ್ಳಬಾರದು. ಬೆಳಿಗ್ಗೆ ಎರಡು ಡಬ್ಬಿ ಕಟ್ಟಿ, ಪುಟ್ಟಿಗೆ ಜಡೆ ಹಾಕಿ, ಎಂಟೂ ಮುಕ್ಕಾಲಿಗೆ ನಾನು ಬ್ಯಾಂಕಿಗೆ ಓಡಬೇಕು. ನಾಯಿ ನನಗೂ ಇಷ್ಟ. ಆದರೆ ಜುಲೈ ಮಳೆಯಲ್ಲಿ ಐದು ಗಂಟೆಗೆ ಅದನ್ನು ಕೆಳಗೆ ಕರೆದುಕೊಂಡು ಹೋಗುವವರು ಯಾರು ಅಂತ ಈ ಮನೆಯಲ್ಲಿ ಇನ್ನೂ ಮಾತಾಗಿಲ್ಲ.

ಕಾರವಾರ ಅಣ್ಣ: ನಾನು ಹೋಗುತ್ತೇನೆ. ಸಂಜೆ ಪುಟ್ಟಿ ನೋಡಿಕೊಳ್ಳುತ್ತಾಳೆ. ಮಾತು ಕೊಟ್ಟಿದ್ದಾಳೆ.

ನಾನು: ಅವಳು ಮನಸ್ಸಿನಿಂದಲೇ ಮಾತು ಕೊಟ್ಟಿದ್ದಾಳೆ. ಆದರೆ ನಾಯಿ ಹನ್ನೆರಡು ವರ್ಷ ಬದುಕಿದರೆ ಅವಳಿಗೆ ಇಪ್ಪತ್ತೊಂದು ಆಗುತ್ತದೆ, ಹಾಸ್ಟೆಲ್‌ನಲ್ಲಿರುತ್ತಾಳೆ. ಅಷ್ಟು ದೂರ ಬೇಡ, ನಾಳೆಯದೇ ನೋಡು. ಒಂಬತ್ತರಿಂದ ಐದೂವರೆಯವರೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಆಯಿ. ಪುಟ್ಟಿಯ ಅಜ್ಜಿಗೆ ಈಗ ಎಪ್ಪತ್ತೆರಡು. ಮಂಡಿ ಆಪರೇಷನ್ ಆಗಿ ವರ್ಷ ತುಂಬಿಲ್ಲ. ಈ ನಾಯಿ ನಿನ್ನದೂ ಅಲ್ಲ, ಪುಟ್ಟಿಯದೂ ಅಲ್ಲ, ಆಯಿಯದು. ಇಷ್ಟು ಹೊತ್ತು ಮಾತಾಡಿದೆವು. ಆಯಿಯನ್ನು ಯಾರಾದರೂ ಕೇಳಿದಿರಾ?

ಶಿರಸಿ ದೊಡ್ಡಪ್ಪ: ಕೂಸು ಸರಿಯಾಗಿ ಹೇಳಿತು. ಅದಕ್ಕೇ ನಾಟಿ ಮರಿ ಅಂದೆ. ರೋಗ ಕಡಿಮೆ, ಸಣ್ಣ ಕೂದಲು, ಮಳೆಯಲ್ಲಿ ನೆಂದರೂ ಬೇಗ ಒಣಗುತ್ತದೆ. ಆಯಿಗೆ ನಮ್ಮ ಮನೆ ನಾಯಿಗಳ ರೂಢಿಯೂ ಇದೆ.

ಅಂಕೋಲಾ ಡಾಕ್ಟರ್ ಭಾವ: ನಾಟಿ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ ದೊಡ್ಡಪ್ಪ. ನಮ್ಮ ಹವೆಗೆ ಅದಕ್ಕಿಂತ ಒಗ್ಗಿದ ನಾಯಿ ಇಲ್ಲ. ನಾನು ಒಪ್ಪದಿರುವುದು ಮರಿ ಅನ್ನುವುದನ್ನು. ಮರಿ ಯಾವ ತಳಿಯದಾದರೂ ಮೊದಲ ನಾಲ್ಕೈದು ತಿಂಗಳು ಒಂದೇ. ಎರಡು ಗಂಟೆಗೊಮ್ಮೆ ಉಚ್ಚೆ. ಕಾಲಿಗೆ ಸಿಕ್ಕಿಕೊಳ್ಳುವುದು, ಸೀರೆಯ ನೆರಿಗೆ ಎಳೆಯುವುದು, ಚಪ್ಪಲಿ ಕಡಿಯುವುದು. ಆರೆಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಮೂರು ತಿಂಗಳಿಗೆ ರೇಬೀಸ್‌ನದು. ಅವೆಲ್ಲ ಮುಗಿಯುವವರೆಗೆ ಬೀದಿ ನೆಲದ ಮೇಲೆ ಬಿಡುವ ಹಾಗಿಲ್ಲ. ಒದ್ದೆ ನೆಲದ ಮೇಲೆ ಕಾಲಡಿ ಓಡುವ ಮರಿ, ಹೊಸ ಮಂಡಿಯ ಆಯಿ. ನನಗೆ ನಾಯಿಗಿಂತ ಆಯಿಯದೇ ಹೆದರಿಕೆ.

ಶಿರಸಿ ದೊಡ್ಡಪ್ಪ: ಹಾಗಾದರೆ ಈ ಐದು ಮರಿ ಯಾರಿಗೆ ಕೊಡಲಿ?

ಅಂಕೋಲಾ ಡಾಕ್ಟರ್ ಭಾವ: ಅಂಗಳ ಇರುವ ಮನೆ ಹುಡುಕುವ ಜವಾಬ್ದಾರಿ ನನ್ನದು. ಎಂಟು ವಾರ ತುಂಬಲಿ. ಮರಿ ಹಾಲು ಬಿಟ್ಟ ಮೇಲೆ ಕಾಳಿಗೂ ಮತ್ತೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸೋಣ. ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಇದೇ ಪ್ರಶ್ನೆ.

ಶನಿವಾರ, ಬೆಳಿಗ್ಗೆ 8:05

ಕಾರವಾರ ಅತ್ತಿಗೆ: ನಾನು ಪುಟ್ಟಿ. ಅಮ್ಮನ ಫೋನ್. ಅಜ್ಜಿ ಹೇಳ್ತಾಳೆ, ನಾನು ಟೈಪ್ ಮಾಡ್ತೇನೆ.

ಮಾಣಿ, ನಿನ್ನೆ ರಾತ್ರಿ ಎಲ್ಲ ಓದಿಸಿ ಕೇಳಿದೆ. ನನಗೆ ನಾಯಿ ಬೇಡ ಅಂತ ಇಲ್ಲ. ಶಿರಸಿ ಮನೆಯಲ್ಲಿ ನಲವತ್ತು ವರ್ಷ ನಾಯಿಗೆ ಅನ್ನ ಹಾಕಿದವಳು ನಾನು. ಅಲ್ಲಿ ನಾಯಿ ಅದರ ಪಾಡಿಗೆ ಅಂಗಳದಲ್ಲಿ ಇರುತ್ತಿತ್ತು. ಇಲ್ಲಿ ಬಾಗಿಲು ಹಾಕಿದರೆ ನಾನು ಮತ್ತು ಅದು, ಇಬ್ಬರೇ. ಮಧ್ಯಾಹ್ನ ಎರಡರಿಂದ ನಾಲ್ಕು ಈ ಮನೆಯಲ್ಲಿ ಒಂದು ಶಬ್ದ ಇರುವುದಿಲ್ಲ. ಆ ಹೊತ್ತಿಗೆ ಹತ್ತಿರ ಒಂದು ಜೀವ ಕೂತಿದ್ದರೆ ನನಗೂ ಬೇಕು. ಆದರೆ ಎಳೆಯುವ ನಾಯಿ ಬೇಡ. ಬಿದ್ದರೆ ಮತ್ತೆ ನಿಮಗೇ ಕಷ್ಟ. ನನಗೆ ಹೆದರಿಕೆ ಇದೆ, ಹೇಳಿರಲಿಲ್ಲ ಅಷ್ಟೆ.

ಇಷ್ಟೇ ಅಂತೆ. ನನಗೆ ಆ ಹಸ್ಕಿ ಮರಿ ಬೇಕಿತ್ತು. ಆದರೆ ಅಜ್ಜಿ ಬೀಳಬಾರದು.

ಕಾರವಾರ ಅಣ್ಣ: ಮುಂಗಡ ಕಳಿಸಿಲ್ಲ. ಅವರಿಗೆ ಬೇಡ ಅಂತ ಹೇಳಿಬಿಟ್ಟೆ. ಆಯಿ ಒಂದೇ ಮನೆಯಲ್ಲಿದ್ದೂ ನಾನು ಕೇಳಲಿಲ್ಲ. ಭಾವ, ಈಗ ನೀವೇ ಹೇಳಿ.

ಅಂಕೋಲಾ ಡಾಕ್ಟರ್ ಭಾವ: ನಿನ್ನೆ ರಾತ್ರಿಯೇ ಹೇಳಬೇಕೆಂದಿದ್ದೆ, ಆಯಿ ಮಾತಾಡಲಿ ಅಂತ ಸುಮ್ಮನಿದ್ದೆ. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜ ಇದ್ದರು, ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರ ನಾಯಿ ಬೆಳ್ಳಿ. ನಾಟಿ ಹೆಣ್ಣು, ಮೂರು ವರ್ಷ, ಹದಿನಾರು ಕಿಲೋ. ಆಪರೇಷನ್ ಆಗಿದೆ. ಲಸಿಕೆಗಳನ್ನೆಲ್ಲ ನಾನೇ ಹಾಕಿದ್ದೇನೆ, ಇಲಿ ಜ್ವರದ್ದೂ ಸೇರಿ. ಮಗಳು ಮುಂಬೈಯಲ್ಲಿ, ಒಯ್ಯುವ ಹಾಗಿಲ್ಲ. ಸದ್ಯ ಪಕ್ಕದ ಮನೆಯವರು ಊಟ ಹಾಕುತ್ತಿದ್ದಾರೆ. ಅಜ್ಜನಿಗೆ ಕೋಲು ಇತ್ತು. ಈ ನಾಯಿ ಮೂರು ವರ್ಷ ಕೋಲಿನ ಜೊತೆಗೇ ನಡೆದದ್ದು. ನಾಲ್ಕು ಹೆಜ್ಜೆ ಹಾಕಿ ನಿಂತು ಹಿಂದೆ ನೋಡುತ್ತದೆ, ಆಮೇಲೆ ಮತ್ತೆ ನಾಲ್ಕು ಹೆಜ್ಜೆ.

ಹುಬ್ಬಳ್ಳಿ ತಮ್ಮ: ದೊಡ್ಡ ನಾಯಿ ಹೊಸ ಮನೆಗೆ ಒಗ್ಗುತ್ತದಾ? ಮರಿಯಿಂದ ಬೆಳೆಸಿದರೆ ಮಾತ್ರ ಪ್ರೀತಿ ಅಂತಾರೆ.

ನಾನು: ರಾಜ ಎರಡು ತಿಂಗಳಾದರೂ ನಮ್ಮನ್ನು ಮರೆಯಲಿಲ್ಲ. ಆಮೇಲೆ ಆ ತೋಟದ ಮನೆಯವರ ಮಗನ ಹಿಂದೆಯೇ ತಿರುಗಿದ. ಎರಡೂ ನಿಜ. ಹೊತ್ತು ಕೊಡಬೇಕು.

ಅಂಕೋಲಾ ಡಾಕ್ಟರ್ ಭಾವ: ಹೌದು. ಮೊದಲ ಎರಡು ಮೂರು ವಾರ ಮೂಲೆಯಲ್ಲೇ ಕೂರಬಹುದು. ಎಲ್ಲರೂ ಸುತ್ತ ನಿಂತು ಮುಟ್ಟಬೇಡಿ. ಪುಟ್ಟೀ, ಇದು ನಿನಗೆ. ಉಣ್ಣುವಾಗ, ಮಲಗಿದ್ದಾಗ ಅದನ್ನು ಮುಟ್ಟುವ ಹಾಗಿಲ್ಲ. ಉಗುರು ತಾಗಿ ಗೀರಿದರೂ ಮನೆಯಲ್ಲಿ ಹೇಳಬೇಕು, ಮುಚ್ಚಿಡಬಾರದು. ಸೋಪು ಹಚ್ಚಿ ಹದಿನೈದು ನಿಮಿಷ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಲಸಿಕೆ ಆದ ನಾಯಿಯೇ ಆದರೂ.

ಕಾರವಾರ ಅಣ್ಣ: ನಾಳೆ ಬರಲಾ?

ಅಂಕೋಲಾ ಡಾಕ್ಟರ್ ಭಾವ: ಹತ್ತು ಗಂಟೆಯೊಳಗೆ ಬಾ, ಬಿಸಿಲೇರಿದರೆ ಅದು ಹೊರಗೆ ನಡೆಯುವುದಿಲ್ಲ. ಆಯಿಯನ್ನು ಕರೆದುಕೊಂಡೇ ಬಾ. ಹಗ್ಗ ಮೊದಲು ಆಯಿಯ ಕೈಗೆ ಕೊಡುತ್ತೇನೆ. ನಮ್ಮ ಮನೆಯ ಮೆಟ್ಟಿಲು ಹತ್ತಿಸಿ ನೋಡೋಣ. ಆಯಿಗೆ ಸರಿ ಅನ್ನಿಸದಿದ್ದರೆ ಬರೀ ಚಹಾ ಕುಡಿದು ವಾಪಸು ಹೋಗಿ.

ಶಿರಸಿ ದೊಡ್ಡಪ್ಪ: ಆಯಿ ಒಪ್ಪಿದರೆ ಕಾಳಿಯ ಹಳೆಯ ಕಂಬಳಿ ಕಳಿಸುತ್ತೇನೆ. ತೊಳೆದು ಕಳಿಸುತ್ತೇನೆ.

ಕಾರವಾರ ಅತ್ತಿಗೆ: ಮತ್ತೆ ಪುಟ್ಟಿ. ಅಜ್ಜಿ ಕೇಳ್ತಾಳೆ, ಬೆಳ್ಳಿಗೆ ಮೊಸರನ್ನ ಆಗ್ತದಾ?

ಅಂಕೋಲಾ ಡಾಕ್ಟರ್ ಭಾವ: ಆಗುತ್ತದೆ. ಒಗ್ಗರಣೆ ಬೇಡ, ಉಪ್ಪು ಬೇಡ. ಈರುಳ್ಳಿ ಮಾತ್ರ ಯಾವತ್ತೂ ಹಾಕಬಾರದು ಅಂತ ಹೇಳು. ಅಜ್ಜನೂ ಮಧ್ಯಾಹ್ನ ಅದನ್ನೇ ಹಾಕುತ್ತಿದ್ದರು, ಮೇಲೊಂದು ಬೇಯಿಸಿದ ಮೊಟ್ಟೆ.

ಕಾರವಾರ ಅತ್ತಿಗೆ: ಅಜ್ಜಿ ಹೇಳ್ತಾಳೆ, ಮೊಟ್ಟೆ ಅಪ್ಪ ಬೇಯಿಸಲಿ. ಬೇರೆ ಪಾತ್ರೆಯಲ್ಲಿ.