ಹಳೆಯ ಫೋರ್ ವೀಲ್ ಡ್ರೈವ್ ಗಾಡಿ: ಡೀಸೆಲ್ ಕೊಳ್ಳಬೇಕೇ, ಪೆಟ್ರೋಲ್ ಕೊಳ್ಳಬೇಕೇ?

ಪ್ರಶ್ನೆ (ನಿಗಡಿ, ಪುಣೆ)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಖಾನಾಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಭತ್ತದ ಗದ್ದೆಯೂ ಚಿಕ್ಕದೊಂದು ಗೇರುತೋಟವೂ ಇದ್ದು, ತಂದೆಯವರು ತೀರಿಕೊಂಡ ಮೇಲೆ ತಿಂಗಳಿಗೊಮ್ಮೆ ನಾನೇ ಹೋಗಿ ಬರಬೇಕಾಗಿದೆ. ಇಲ್ಲಿಂದ ಸುಮಾರು 370 ಕಿ.ಮೀ. ಒಳ್ಳೆಯ ರಸ್ತೆ, ಕೊನೆಯ 3 ಕಿ.ಮೀ. ಮಾತ್ರ ಕೆಂಪು ಮಣ್ಣಿನ ದಾರಿ. ಮಳೆಗಾಲದಲ್ಲಿ ನನ್ನ ಈಗಿನ ಕಾರು ಹಳ್ಳದ ಈಚೆಗೇ ನಿಂತುಬಿಡುತ್ತದೆ. ಗೊಬ್ಬರದ ಚೀಲಗಳನ್ನು ಆಳುಗಳು ತಲೆಯ ಮೇಲೆ ಹೊತ್ತು ದಾಟಿಸಬೇಕು. ಉಳಿದ ದಿನಗಳಲ್ಲಿ ಮನೆಯಿಂದ ಕೆಲಸಕ್ಕೆ 7 ಕಿ.ಮೀ. ಓಡಾಟ, ಅಷ್ಟೇ.

2021ರ ಎರಡು ಮಹೀಂದ್ರಾ ಥಾರ್ ಗಾಡಿಗಳನ್ನು ಗೊತ್ತುಮಾಡಿಕೊಂಡಿದ್ದೇನೆ. ಡೀಸೆಲ್ ಗಾಡಿ 55,000 ಕಿ.ಮೀ. ಓಡಿದೆ, ಪೆಟ್ರೋಲ್ ಗಾಡಿ 30,000. ಹೀಗಿದ್ದರೂ ಡೀಸೆಲಿಗೆ 1,20,000 ರೂ. ಹೆಚ್ಚು ಕೇಳುತ್ತಿದ್ದಾರೆ. ಲೀಟರಿಗೆ ಪೆಟ್ರೋಲ್ 104 ರೂ., ಡೀಸೆಲ್ 91 ರೂ. ಎಂದೂ, ಮೈಲೇಜ್ ಕ್ರಮವಾಗಿ 10 ಮತ್ತು 13 ಕಿ.ಮೀ. ಎಂದೂ ಹಿಡಿದರೆ ಡೀಸೆಲಿನಲ್ಲಿ ಕಿ.ಮೀ.ಗೆ 3 ರೂ. 40 ಪೈಸೆ ಉಳಿಯುತ್ತದೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವ ನನಗೆ ಹೆಚ್ಚುವರಿ ಹಣ ಮೂರು ವರ್ಷದೊಳಗೆ ಹುಟ್ಟುತ್ತದೆ. ಇವಲ್ಲದೆ ಬೆಳಗಾವಿಯಲ್ಲಿ 2023ರ ಮಾರುತಿ ಜಿಮ್ನಿಯೊಂದು (ಪೆಟ್ರೋಲ್), ಕೆಎ-22 ನಂಬರಿನದು, ಮಾರಾಟಕ್ಕಿದೆ. ನನ್ನ ಲೆಕ್ಕದಲ್ಲಿ ಏನಾದರೂ ಬಿಟ್ಟುಹೋಗಿದೆಯೇ?

ಉತ್ತರ (ಭೋಸರಿ, ಪುಣೆ)

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದರಲ್ಲಿ ರಿಪೇರಿಯ ಬಾಬ್ತು ಸೇರಿಲ್ಲ. ಹದಿನೆಂಟು ವರ್ಷಗಳಿಂದ ಇದೇ ಕೆಲಸದಲ್ಲಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

2020ರ ಏಪ್ರಿಲ್ 1ರಿಂದ, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಹೋಗುವ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಎನ್ನುವುದು ಇದನ್ನೇ. ತುಂಬಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಅಷ್ಟು ಶಾಖ ಏರಿಸಲು ಎಂಜಿನ್ ತಾನಾಗಿಯೇ ಹೆಚ್ಚು ಡೀಸೆಲ್ ಚಿಮುಕಿಸುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುತ್ತಿದ್ದರೆ ಈ ಕೆಲಸ ನಮಗೆ ಗೊತ್ತಾಗದಂತೆ ಮುಗಿಯುತ್ತದೆ. ನಡುವೆ ಸಿಗ್ನಲ್, ಪಾರ್ಕಿಂಗ್, ಎಂಜಿನ್ ಬಂದ್ ಎಂದು ದಿನವೂ ಅರ್ಧಕ್ಕೇ ನಿಂತರೆ ಮಸಿ ಕಟ್ಟಿಕೊಳ್ಳುತ್ತದೆ, ಸುಡದೆ ಉಳಿದ ಡೀಸೆಲ್ ಪಿಸ್ಟನ್ ರಿಂಗ್‌ಗಳನ್ನು ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ತಿಂಗಳಿಗೊಮ್ಮೆ ಖಾನಾಪುರಕ್ಕೆ ಹೋಗುವ ನಿಮಗೆ ಇದರಿಂದ ದೊಡ್ಡ ತೊಂದರೆ ಆಗಲಾರದು. ಪ್ರಶ್ನೆ ಇರುವುದು ಈ ಮೊದಲಿನ ಮಾಲೀಕರು ಹೇಗೆ ಓಡಿಸಿದ್ದರು ಎಂಬುದರ ಮೇಲೆ.

ಆದ್ದರಿಂದ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ (ಎಂಜಿನ್ ಆಯಿಲ್‌ನ ಮಟ್ಟ ತೋರಿಸುವ ಕಡ್ಡಿ) ಎಳೆದು ನೋಡಿರಿ. ಆಯಿಲ್ ಮೇಲಿನ ಗುರುತನ್ನೂ ಮೀರಿ ಏರಿದ್ದರೆ, ಬೆರಳಿಗೆ ನೀರಾಗಿ ತಗುಲಿ ಡೀಸೆಲ್ ವಾಸನೆ ಬಂದರೆ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಆ ಗಾಡಿ ಬೇಡ.

ಡೀಸೆಲಿಗೇ ಎಳೆಯುವ ಶಕ್ತಿ ಹೆಚ್ಚು ಎಂಬ ಹಳೆಯ ಮಾತು ಜಿಪ್ಸಿಯ ಕಾಲದ್ದು. ಥಾರ್‌ನಲ್ಲಿ ಡೀಸೆಲಿನ ಟಾರ್ಕ್, ಅಂದರೆ ಎಳೆಯುವ ಬಲ, 300 ಎನ್‌ಎಂ. ಟರ್ಬೊ ಇರುವ ಪೆಟ್ರೋಲ್ ಮ್ಯಾನುಯಲ್‌ನದೂ ಅಷ್ಟೇ. ಎಳೆತಕ್ಕೆಂದು ಡೀಸೆಲ್ ಆರಿಸಬೇಕಾಗಿಲ್ಲ.

ಉತ್ತರ (ಫೋಂಡಾ, ಗೋವಾ)

ಮೇಲಿನವರ ಮಾತು ನಿಜ, ಆದರೆ ಎಲ್ಲರೂ ಎಂಜಿನ್ ಮಾತ್ರ ನೋಡುತ್ತಾರೆ ಎಂಬುದು ನನ್ನ ಬೇಸರ. ಆರು ವರ್ಷದ ಹಿಂದೆ ನಾನು ಸಮುದ್ರದ ದಂಡೆಯ ಊರಿನಿಂದ ಹಳೆಯ ಡೀಸೆಲ್ ಗಾಡಿಯೊಂದನ್ನು ತಂದೆ. ಎಂಜಿನ್ ಗಡಿಯಾರದಂತಿತ್ತು. ಎರಡನೆಯ ತಿಂಗಳು ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರು) ಹಾಕಿದಾಗ ಕೆಳಗಿನಿಂದ ಕರಕರ ಸದ್ದು. ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬೋಲ್ಟ್ ಬಿಚ್ಚಿದರೆ ಹಾಲು ಹಾಕಿದ ಚಹಾದ ಬಣ್ಣದ ಆಯಿಲ್ ಸುರಿಯಿತು. ನೀರು ಸೇರಿ ಎಷ್ಟು ಕಾಲವಾಗಿತ್ತೋ! ಬೇರಿಂಗ್‌ಗಳೆಲ್ಲ ಹೋಗಿದ್ದವು. ಚಾಸಿಯ ಒಳಮೈಯನ್ನು ತುಕ್ಕು ತಿಂದಿದ್ದು ಆಮೇಲೆ ಕಂಡಿತು.

ನೀವು ಯಾವುದೇ ಗಾಡಿ ನೋಡಿದರೂ ಮಣ್ಣಿನ ಮೈದಾನಕ್ಕೆ ಒಯ್ದು 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ಗೇರು), 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಲೋ ರೇಂಜ್) ಎರಡನ್ನೂ ಹಾಕಿಸಿ ಓಡಿಸಿರಿ. ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ, ಏಕೆಂದರೆ ಥಾರ್, ಜಿಮ್ನಿ ಎರಡರಲ್ಲೂ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದ್ದರಿಂದ ಒಣ ರಸ್ತೆಯಲ್ಲಿ ತಿರುಗಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ.

ಹಳ್ಳದ ವಿಷಯದಲ್ಲಿ ಒಂದು ಮಾತು. ಡೀಸೆಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ನೀರಿಗೆ ಹೆದರಬೇಕಿಲ್ಲ ಎಂದು ಹೇಳುವವರಿದ್ದಾರೆ. ಗಾಳಿ ಎಳೆಯುವ ಕೊಳವೆಗೆ ನೀರು ಹೋದರೆ ಎರಡೂ ಎಂಜಿನ್ ಕೆಡುತ್ತವೆ. ಕೆಸರಿನಲ್ಲಿ ನನ್ನ ಆಯ್ಕೆ ಜಿಮ್ನಿ: ತೂಕ ಸುಮಾರು 1,200 ಕಿಲೊ, ಥಾರ್ ಅದಕ್ಕಿಂತ ಸುಮಾರು ಅರ್ಧ ಟನ್ ಹೆಚ್ಚು ಭಾರ. ಆದರೆ ಜಿಮ್ನಿಯ ಟಾರ್ಕ್ 134 ಎನ್‌ಎಂ ಮಾತ್ರ. ಗೊಬ್ಬರ ಹೇರಿಕೊಂಡು ಘಾಟಿ ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು.

ಉತ್ತರ (ಡೊಂಬಿವಲಿ, ಮುಂಬಯಿ)

ಬೆಳಗಾವಿಯ ಗಾಡಿಯ ಬಗ್ಗೆ: ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು, 12 ತಿಂಗಳಿಗಿಂತ ಹೆಚ್ಚು ಕಾಲ ಪುಣೆಯಲ್ಲಿ ಇರಿಸುವುದಾದರೆ ಮಹಾರಾಷ್ಟ್ರದ ನಂಬರ್ ಮಾಡಿಸಿ, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ್ದನ್ನು ಮರಳಿ ಪಡೆಯುವುದು ಮೊದಲ ಮಾಲೀಕರ ಓಡಾಟದ ಕೆಲಸ. ಈ ಖರ್ಚನ್ನು ಬೆಲೆಗೆ ಸೇರಿಸಿಯೇ ಹೋಲಿಸಿರಿ.

ಇನ್ನೊಂದು ವಿಷಯ, ಈಗ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬೆರೆತಿರುತ್ತದೆ. 2021ರ ಗಾಡಿ ಅದಕ್ಕೆಂದು ತಯಾರಾದುದಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಆಗಾಗ ನೋಡಿಸುತ್ತಿರಬೇಕು. 2023ರ ಜಿಮ್ನಿಗೆ ಆ ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಭಾನುವಾರ ಬೆಳಿಗ್ಗೆ ಏಳಕ್ಕೇ ಹೋಗಿ ಡೀಸೆಲ್ ಗಾಡಿಯ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಗುರುತಿಗಿಂತ ಒಂದು ಬೆರಳು ಮೇಲಿತ್ತು, ಮೂಗಿಗೆ ಹಿಡಿದರೆ ಬಂಕಿನಲ್ಲಿ ನಿಂತಂತೆ ವಾಸನೆ. ಮಾಲೀಕರನ್ನು ವಿಚಾರಿಸಿದಾಗ, ಎರಡು ವರ್ಷದಿಂದ ಮಗಳನ್ನು ಕಾಲೇಜಿಗೆ ಬಿಟ್ಟು ಬರಲು ದಿನಕ್ಕೆ 4 ಕಿ.ಮೀ. ಮಾತ್ರ ಓಡಿಸುತ್ತಿರುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಗಾಡಿಯನ್ನು ಬಿಟ್ಟೆ. ಬುಧವಾರ ಪೆಟ್ರೋಲ್ ಥಾರ್ ಅನ್ನು ಮಣ್ಣಿನ ಮೈದಾನಕ್ಕೆ ಒಯ್ಯಲು ಅದರ ಮಾಲೀಕರು ಒಪ್ಪಿದ್ದಾರೆ. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಬಿಚ್ಚಿ ನೋಡಲು ಭೋಸರಿಯ ಸರ್ ಜೊತೆಗೆ ಬರಲು ಸಾಧ್ಯವೇ?