ಕನ್ನಡ ಮಾಧ್ಯಮದಲ್ಲಿ ಬಿಎ ಮುಗಿಸಿದವರು ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದಲ್ಲಿ ಎಂಎ ಮಾಡಬಹುದಾ?

ಕಾಲುವೆ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆಯವಳು. ಬಿಎ ಮುಗಿದಿದೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎರಡೂ ಇತ್ತು, ಓದಿದ್ದೆಲ್ಲ ಕನ್ನಡ ಮಾಧ್ಯಮ. ಮುಂದೆ ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ ಓದಬೇಕು ಅಂತ ತುಂಬಾ ಆಸೆ ಇದೆ.

ಆಸೆ ಹುಟ್ಟಿದ್ದು ಹೀಗೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಆಗ ಅಮೆರಿಕದ ಅಂಗಡಿಗಳಲ್ಲಿ ನಮ್ಮವರು ಸೋನಾ ಮಸೂರಿ ಚೀಲಕ್ಕೆ ಮುಗಿಬಿದ್ದ ವಿಡಿಯೋ ನಮ್ಮೂರಿನ ಎಲ್ಲರ ಫೋನಿಗೂ ಬಂತು. ಅಪ್ಪ ನೋಡಿ, ಅಲ್ಲಿ ಏರಿದ ರೇಟು ಯಾರ ಕೈಗೆ ಹೋಗುತ್ತೆ, ನಿಲ್ಲಿಸಬೇಕು ಅಂತ ಎಲ್ಲಿ ಕೂತು ಯಾರು ತೀರ್ಮಾನ ಮಾಡುತ್ತಾರೆ ಅಂತ ಕೇಳಿದರು. ನಾನು ಓದಿದ ಅರ್ಥಶಾಸ್ತ್ರದಲ್ಲಿ ಬೇಡಿಕೆ, ಪೂರೈಕೆ ಇತ್ತು. ರಾಜ್ಯಶಾಸ್ತ್ರದಲ್ಲಿ ವಿಶ್ವಸಂಸ್ಥೆ ಇತ್ತು. ಅಪ್ಪನ ಪ್ರಶ್ನೆಗೆ ಎರಡರಲ್ಲೂ ಉತ್ತರ ಇರಲಿಲ್ಲ.

ಗಣಿತ ಪಿಯುಸಿಯಲ್ಲೂ ಇರಲಿಲ್ಲ, ಆದರೂ ನಡೆಯುತ್ತಾ? ಎಲ್ಲಿ ಓದಬೇಕು? ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಬರೆಯುವುದು ಕಷ್ಟ. ಮನೆಯಲ್ಲಿ ಬಿ.ಇಡಿ ಮಾಡು ಅಂತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಸಂಡೂರಿನವಳು:

ತಂಗಿ, ಈ ವಿಷಯ ಶುರುವಾಗಿದ್ದೇ ನಿಮ್ಮಪ್ಪ ಕೇಳಿದಂಥ ಪ್ರಶ್ನೆಯಿಂದ. 1970ರಲ್ಲಿ ಸೂಸನ್ ಸ್ಟ್ರೇಂಜ್ ಅನ್ನುವ ಬ್ರಿಟಿಷ್ ವಿದ್ವಾಂಸೆ, ಮೊದಲು ಪತ್ರಕರ್ತೆಯಾಗಿದ್ದವರು, ಅಂತಾರಾಷ್ಟ್ರೀಯ ಅರ್ಥಶಾಸ್ತ್ರದವರೂ ಅಂತಾರಾಷ್ಟ್ರೀಯ ಸಂಬಂಧಗಳನ್ನು ಓದುವವರೂ ಒಬ್ಬರ ಕಡೆ ಒಬ್ಬರು ತಿರುಗಿಯೂ ನೋಡುತ್ತಿಲ್ಲ ಅಂತ ಲೇಖನ ಬರೆದರು. ಮರುವರ್ಷವೇ ಅಮೆರಿಕ ಡಾಲರಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿತು. 1973ರಲ್ಲಿ ತೈಲದ ಬೆಲೆ ಹಾರಿತು. ಆಗ ಎಲ್ಲರಿಗೂ ಅವರ ಮಾತು ಅರ್ಥವಾಯಿತು.

ನಾನು ದೆಹಲಿಯಲ್ಲಿ ಎಂಎ ಎರಡನೇ ವರ್ಷದಲ್ಲಿದ್ದೇನೆ. ಅದಿರಿನ ಲಾರಿ ನೋಡುತ್ತಲೇ ಬೆಳೆದವಳು. ರಸ್ತೆ ಬದಿಯ ಬೇವಿನ ಎಲೆ ಕೂಡ ಕೆಂಪಾಗಿರುತ್ತಿತ್ತು, ಶಾಲೆಯ ಬಿಳಿ ಅಂಗಿಯನ್ನು ಎಷ್ಟು ಉಜ್ಜಿದರೂ ಕಾಲರಿನ ಕೆಂಪು ಹೋಗುತ್ತಿರಲಿಲ್ಲ. ಆಗ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಚೀನಾದಲ್ಲಿ ಒಲಿಂಪಿಕ್ಸ್, ಅದಕ್ಕೇ ಅದಿರಿಗೆ ರೇಟು. ಇಲ್ಲಿ ಓದಿದ ಮೇಲೆ ಉಳಿದ ಕಥೆ ಗೊತ್ತಾಯಿತು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು, ಉಕ್ಕಿನ ಹಸಿವು ಜಾಸ್ತಿಯಾಯಿತು. ಜಗತ್ತಿನ ಅದಿರಿನ ದರ ಆಗ ವರ್ಷಕ್ಕೊಮ್ಮೆ ನಿಗದಿಯಾಗುತ್ತಿತ್ತು, ಬ್ರೆಜಿಲ್‌ನ ವಾಲೆ, ಆಸ್ಟ್ರೇಲಿಯಾದಲ್ಲಿ ಗಣಿ ಇರುವ ರಿಯೊ ಟಿಂಟೊ, ಬಿಎಚ್‌ಪಿ ಒಂದು ಕಡೆ, ಜಪಾನಿನ ಉಕ್ಕಿನ ಕಂಪನಿಗಳು ಇನ್ನೊಂದು ಕಡೆ ಕೂತು ಮಾತಾಡಿ ಮುಗಿಸುತ್ತಿದ್ದವು. ಆ ಒಪ್ಪಂದದ ಹೊರಗೆ ಉಳಿದ ಚೀನಾದ ಕಾರ್ಖಾನೆಗಳು ದಿನದ ದರಕ್ಕೆ ಕೊಳ್ಳುತ್ತಿದ್ದವು. ಆ ದಿನದ ಮಾರುಕಟ್ಟೆಗೆ ಹೋಗುತ್ತಿದ್ದದ್ದರಲ್ಲಿ ಭಾರತದ ಅದಿರಿನ ಪಾಲು ದೊಡ್ಡದು. ಕೊನೆಗೆ 2010ರಲ್ಲಿ ವರ್ಷದ ದರದ ಪದ್ಧತಿಯೇ ಬಿದ್ದುಹೋಯಿತು.

ಅದೇ ವರ್ಷ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಆ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಅಕ್ರಮ ಎಷ್ಟಿದೆ ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಹಂತ ಹಂತವಾಗಿ ತೆರೆದರು. ಅದಿರು ಇ-ಹರಾಜಿನಲ್ಲಿ, ದೇಶದೊಳಗೆ ಮಾತ್ರ. ರಫ್ತಿಗೆ ಕೋರ್ಟ್ ಒಪ್ಪಿದ್ದು 2022ರ ಮೇನಲ್ಲಿ, ಅದೇ ತಿಂಗಳು ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು, ನವೆಂಬರ್‌ನಲ್ಲಿ ಇಳಿಸಿತು. ಇಲ್ಲಿ ನಿಂತು ಯೋಚಿಸು. ರಫ್ತು ನಿಂತರೆ ಗಣಿ ಮಾಲೀಕರಿಗೆ ನಷ್ಟ, ದೇಶದೊಳಗಿನ ಉಕ್ಕಿನ ಕಾರ್ಖಾನೆಗೆ ಅಗ್ಗದ ಅದಿರು. ಲಾರಿ ಕಂತು ಕಟ್ಟುತ್ತಿದ್ದ ಡ್ರೈವರ್ ಮಾತನ್ನು ಯಾರೂ ಕೇಳಲಿಲ್ಲ. ನಿಯಮ ಬದಲಾದಾಗ ಯಾರಿಗೆ ಲಾಭ, ಯಾರು ಬೆಲೆ ತೆರುತ್ತಾರೆ, ಯಾರ ಮಾತು ನಡೆಯುತ್ತೆ, ನಾವು ಓದುವುದು ಇದನ್ನೇ.

ಗಣಿತದ ಬಗ್ಗೆ ಹೆದರಬೇಡ. ಇಲ್ಲಿನ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಅಂತಾರಾಷ್ಟ್ರೀಯ ಅಧ್ಯಯನ ವಿಭಾಗದಲ್ಲಿ ಎರಡು ದಾರಿ ಇವೆ. ವಿಶ್ವ ಅರ್ಥವ್ಯವಸ್ಥೆಯ ಎಂಎಗೆ ಗಣಿತ, ಸಂಖ್ಯಾಶಾಸ್ತ್ರ ಇಲ್ಲದೆ ಆಗಲ್ಲ. ಅಂತಾರಾಷ್ಟ್ರೀಯ ಸಂಬಂಧಗಳ ಎಂಎಗೆ ಅದು ಬೇಡ, ಅದರೊಳಗೇ ರಾಜಕೀಯ ಅರ್ಥಶಾಸ್ತ್ರ ಓದಬಹುದು. ಪ್ರವೇಶ ಸಿಯುಇಟಿ-ಪಿಜಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಮೂಲಕ. ಶುಲ್ಕ ತೀರಾ ಕಡಿಮೆ.

ಕೊಪ್ಪಳ ಮೇಷ್ಟ್ರು:

ಸಂಡೂರಿನ ತಂಗಿ ಚೆನ್ನಾಗಿ ಬರೆದಿದ್ದಾರೆ. ಆದರೆ ನನ್ನ ಸಲಹೆ ಸ್ವಲ್ಪ ಬೇರೆ. ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ನಮ್ಮ ಭಾಗದ ಮಕ್ಕಳು ದೊಡ್ಡ ಹೆಸರಿನ ಕೋರ್ಸಿಗೆ ಸೇರಿ, ಆಮೇಲೆ ಊರಿಗೆ ಬಂದು ಅರ್ಜಿ ಹಾಕುವಾಗ ಪದವಿಯ ಹೆಸರಿನಿಂದಲೇ ಒದ್ದಾಡುವುದನ್ನು ನೋಡಿದ್ದೇನಮ್ಮ. ಉಪನ್ಯಾಸಕ ಹುದ್ದೆಗೆ ಸಂಬಂಧಪಟ್ಟ ವಿಷಯದಲ್ಲೇ ಶೇ 55 ಅಂಕದ ಎಂಎ ಬೇಕು, ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಕೆಸೆಟ್‌ನಲ್ಲಿ ಅರ್ಥಶಾಸ್ತ್ರ ಇದೆ, ರಾಜ್ಯಶಾಸ್ತ್ರ ಇದೆ. ಪಾಠ ಹೇಳುವ ಆಸೆಯೂ ಇದ್ದರೆ ಅಂಕಪಟ್ಟಿಯ ಮೇಲೆ ಈ ಎರಡರಲ್ಲಿ ಒಂದು ಹೆಸರು ಇರಲಿ.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎರಡೂ ಎಂಎ ಇವೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಇರುವುದರಿಂದ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೇ. ಮನೆಯವರೂ ಒಪ್ಪುತ್ತಾರೆ, ವಾರಕ್ಕೊಮ್ಮೆ ಊರಿಗೆ ಹೋಗಿ ಬರಬಹುದು. ಪ್ರಬಂಧಕ್ಕೆ ನಿನ್ನ ಅಕ್ಕಿಯ ಪ್ರಶ್ನೆಯನ್ನೇ ತಗೋ. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ 40 ನಮ್ಮದು, ನಾವು ಬಾಗಿಲು ಹಾಕಿದರೆ ಪಶ್ಚಿಮ ಆಫ್ರಿಕಾದ ಅಡುಗೆಮನೆಯಲ್ಲಿ ರೇಟು ಏರುತ್ತದೆ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಕೂತು ಲೆಕ್ಕ ಪುಸ್ತಕ ನೋಡಿದರೆ ಅರ್ಧ ಪ್ರಬಂಧ ಅಲ್ಲೇ ಸಿಗುತ್ತದೆ.

ಸಂಡೂರಿನವಳು:

ಸರ್, ಪದವಿಯ ಹೆಸರಿನ ಮಾತು ನಿಜ, ನಾನೂ ಒಪ್ಪುತ್ತೇನೆ. ಆದರೆ ಇವಳು ಇಂಗ್ಲಿಷ್ ಬರೆಯುವುದು ಕಷ್ಟ ಅಂತ ಹೇಳಿದ್ದಾಳಲ್ಲ, ಹೊರಗೆ ಹೋಗಬೇಕು ಅನ್ನುವುದಕ್ಕೆ ನನಗೆ ಅದೇ ಕಾರಣ. ಈ ವಿಷಯದ ಓದು ಹೆಚ್ಚೂಕಮ್ಮಿ ಎಲ್ಲಾ ಇಂಗ್ಲಿಷಿನಲ್ಲೇ ಇದೆ. ಪ್ರತಿ ವಾರ ಬರೆಸಿ, ಕೆಂಪು ಗೆರೆ ಎಳೆದು ವಾಪಸ್ ಕೊಡುವ ಕಡೆ ಕೂತರೆ ಮಾತ್ರ ಕೈ ಪಳಗುತ್ತೆ. ಹುಡುಗಿಯರನ್ನು ಹತ್ತಿರದಲ್ಲೇ ಓದಿಸೋಣ ಅನ್ನುವ ಮಾತು ನಮ್ಮ ಕಡೆ ತುಂಬಾ ಸಲೀಸಾಗಿ ಬರುತ್ತೆ ಸರ್, ಅದು ನನಗೆ ನೋವಾಗುತ್ತೆ.

ಕೊಪ್ಪಳ ಮೇಷ್ಟ್ರು:

ಅದು ಸರಿಯಾದ ಮಾತು ತಂಗಿ. ಹಾಗಾದರೆ ಎರಡು ಕಡೆಯೂ ಅರ್ಜಿ ಹಾಕಲಿ. ಸಿಯುಇಟಿ-ಪಿಜಿ ಪ್ರಶ್ನೆ ಪತ್ರಿಕೆ ಕನ್ನಡದಲ್ಲಿ ಬರುವುದಿಲ್ಲ, ಈಗಿನಿಂದಲೇ ಇಂಗ್ಲಿಷ್ ಪದಗಳನ್ನು ರೂಢಿ ಮಾಡಿಕೊಳ್ಳಬೇಕು.

ಗಂಜ್ ಅಡತಿ:

ನಾನು ರಾಯಚೂರು ಗಂಜಿನಲ್ಲಿ ಹತ್ತಿ ಅಡತಿ ಅಂಗಡಿ ನಡೆಸುತ್ತೇನೆ. ಎಂಎ ಗಿಂಎ ಓದಿಲ್ಲಮ್ಮ. ಆದರೆ ನೀವು ಮಾತಾಡುತ್ತಿರುವುದು ನಮ್ಮ ದಿನದ ವ್ಯಾಪಾರ, ಅದಕ್ಕೆ ಬರೆಯುತ್ತಿದ್ದೇನೆ.

2025ರ ಆಗಸ್ಟ್ ನೋಡಿ. ಅಮೆರಿಕ ನಮ್ಮ ಸರಕಿನ ಮೇಲೆ ಸುಂಕವನ್ನು ಶೇ 50ಕ್ಕೆ ಒಯ್ದಿತು. ತಿರುಪ್ಪೂರು ಕಡೆಯ ಬಟ್ಟೆ ರಫ್ತಿನವರಿಗೆ ದೊಡ್ಡ ಪೆಟ್ಟು. ಹತ್ತಿಯಾದರೂ ಅಗ್ಗ ಸಿಗಲಿ ಅಂತ ಬಟ್ಟೆ ಉದ್ಯಮದವರು ಕೇಳುತ್ತಲೇ ಇದ್ದರು. 19ನೇ ತಾರೀಖು ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿದ್ದ ಶೇ 11 ಸುಂಕ ತೆಗೆಯಿತು, ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಅಂದರು, ಆಮೇಲೆ ಡಿಸೆಂಬರ್ ಕೊನೆಯವರೆಗೆ ಎಳೆದರು. ನಮ್ಮ ರೈತರ ಹತ್ತಿ ಗಂಜಿಗೆ ಬರುವುದೂ ಆ ತಿಂಗಳುಗಳಲ್ಲೇ ಅಲ್ವಾ. ಉದ್ದ ಎಳೆ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ ಇತ್ತು. ಆದರೆ ಕೇಂದ್ರ ಸರ್ಕಾರದ ಹತ್ತಿ ನಿಗಮದ (ಸಿಸಿಐ) ಖರೀದಿ ಕೇಂದ್ರದಲ್ಲಿ ತೇವ ಶೇ 8 ದಾಟಿದರೆ ದರ ಕಡಿತ, 12 ದಾಟಿದರೆ ಗಾಡಿ ವಾಪಸ್. ಇಬ್ಬನಿ ಬಿದ್ದ ಬೆಳಗ್ಗೆ ಅಂಡಿಗೆ ಬಿಚ್ಚಿ, ರೈತ ಒಂದು ಹಿಡಿ ಹತ್ತಿ ತೆಗೆದು ಕೆನ್ನೆಗೆ ಒತ್ತಿ ನೋಡುತ್ತಾನೆ, ಹಸಿ ಇದೆಯಾ ಅಂತ. ಪಕ್ಕದಲ್ಲೇ ಜಿನ್ನಿಂಗ್ ಮಿಲ್ಲಿನವನು ಫೋನಿನಲ್ಲಿ ನ್ಯೂಯಾರ್ಕ್ ದರ ನೋಡುತ್ತಿರುತ್ತಾನೆ, ಪೌಂಡಿಗೆ ಎಷ್ಟು ಸೆಂಟ್ ಅಂತ. ವಾಷಿಂಗ್ಟನ್ನಿನ ತೀರ್ಮಾನ ತಿರುಪ್ಪೂರು ಹಾದು ನಮ್ಮ ಕಟ್ಟೆಗೆ ಬರುವುದು ಹೀಗೆ. ನೀನು ಓದು ತಾಯಿ. ನಮ್ಮ ಪರ ಕೂತು ಈ ಲೆಕ್ಕ ಮಾಡುವವರು ದೆಹಲಿಯಲ್ಲಿ ಬೇಕು.

ಕಾಲುವೆ ದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಕಡೆಯೂ ಅರ್ಜಿ ಹಾಕುತ್ತೇನೆ. ಇನ್ನೊಂದೇ ಪ್ರಶ್ನೆ, ವಿದೇಶದಲ್ಲಿ ಓದುವುದು ನಮ್ಮಂಥವರಿಗೆ ಆಗುವ ಮಾತಾ? ಯುಪಿಎಸ್‌ಸಿಗೂ ಇದು ಉಪಯೋಗ ಆಗುತ್ತಾ?

ಸಂಡೂರಿನವಳು:

ಯುಪಿಎಸ್‌ಸಿಗೆ ಖಂಡಿತ ಆಗುತ್ತೆ. ರಾಜ್ಯಶಾಸ್ತ್ರ ಐಚ್ಛಿಕ ವಿಷಯದ ಎರಡನೇ ಪತ್ರಿಕೆಯಲ್ಲಿ ಬ್ರೆಟನ್ ವುಡ್ಸ್‌ನಿಂದ (ಎರಡನೇ ಮಹಾಯುದ್ಧದ ಕೊನೆಯಲ್ಲಿ ಆದ ಹಣಕಾಸು ಒಪ್ಪಂದ) ವಿಶ್ವ ವ್ಯಾಪಾರ ಸಂಸ್ಥೆವರೆಗೆ ಅಂತಲೇ ಒಂದು ಭಾಗ ಇದೆ.

ವಿದೇಶದ ವಿಷಯ. ಇದೇ ಹೆಸರಿನ ಸ್ನಾತಕೋತ್ತರ ಪದವಿ ಬ್ರಿಟನ್ನಿನ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ (ಎಲ್‌ಎಸ್‌ಇ), ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಇದೆ, ಒಂದೇ ವರ್ಷ, ಖರ್ಚು ಮಾತ್ರ ಸಿಕ್ಕಾಪಟ್ಟೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಆದ್ದರಿಂದ ಈಗಲೇ ಆಗಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದ ಓದಿಗೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಕಾಸೆಲ್‌ನಲ್ಲಿ ಇಂಗ್ಲಿಷಿನಲ್ಲೇ ಈ ವಿಷಯದ ಎಂಎ ಇದೆ. ಆದರೆ ಅಲ್ಲಿನ ಊಟ, ಬಾಡಿಗೆಯ ದುಡ್ಡನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. ನನ್ನ ಕೇಳಿದರೆ ಮೊದಲು ಇಲ್ಲಿ ಎಂಎ ಮುಗಿಸು, ಆಮೇಲೆ ಅದನ್ನು ನೋಡೋಣ.

ಗಂಜಿನ ಅಣ್ಣ ಹೇಳಿದ ಹತ್ತಿಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕ ತನ್ನ ಹತ್ತಿ ರೈತರಿಗೆ ಕೊಡುವ ಸಬ್ಸಿಡಿ ವಿರುದ್ಧ 2002ರಲ್ಲಿ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟು ಗೆದ್ದಿತು, 2014ರಲ್ಲಿ 30 ಕೋಟಿ ಡಾಲರ್ ಪಡೆದು ರಾಜಿ ಮಾಡಿಕೊಂಡಿತು. ಅದೇ ಸಬ್ಸಿಡಿಯಿಂದ ಪೆಟ್ಟು ತಿಂದ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ 2003ರಿಂದ ಒಟ್ಟಾಗಿ ಕೇಳುತ್ತಿವೆ, ಅವಕ್ಕೆ ಅಂಥದ್ದೇನೂ ಸಿಕ್ಕಿಲ್ಲ. ಯಾಕೆ ಅಂತ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ನನಗೆ ಕಳಿಸು. ವ್ಯಾಕರಣ ತಪ್ಪಿದರೂ ಪರವಾಗಿಲ್ಲ, ನಾನು ತಿದ್ದಿ ಕೊಡುತ್ತೇನೆ.