ಹಳೆಯ ಎಕ್ಸ್‌ಕವೇಟರ್: ಆಯಿಲ್‌ನಲ್ಲಿ ನೀರು, ಇಂಜಿನ್ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ

ಬಹಳ ಕಾಲ ಬಯಲಿನಲ್ಲೇ ನಿಂತಿದ್ದ ಎಕ್ಸ್‌ಕವೇಟರ್ ಒಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಆರು ಸಿಲಿಂಡರ್‌ಗಳ ಡೀಸೆಲ್ ಇಂಜಿನ್, 24 ವೋಲ್ಟ್ ವ್ಯವಸ್ಥೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಬಿಳಿಚಿಕೊಂಡಿದೆ, ಅದರ ಮಟ್ಟವೂ ಮೇಲಿನ ಗುರುತನ್ನು ದಾಟಿದೆ. ಕೀಲಿ ತಿರುಗಿಸಿದರೆ ಇಂಜಿನ್ ಸ್ವಲ್ಪವೇ ತಿರುಗಿ ಗಕ್ಕನೆ ನಿಲ್ಲುತ್ತದೆ. ಬ್ಯಾಟರಿ ಇಳಿದಿದೆ ಅಷ್ಟೆ, ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟರೆ ಸಾಕು ಎಂದು ಮಾರುವವರು ಹೇಳುತ್ತಾರೆ. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್‌ನ ಅಡಿಯ ಸೀಲು) ಹೋಗಿದೆ ಎಂಬುದು ಜೊತೆಗೆ ಬಂದಿದ್ದ ಮೆಕ್ಯಾನಿಕ್ ಅಭಿಪ್ರಾಯ. ಯಾವುದನ್ನು ಮೊದಲು ಪರೀಕ್ಷಿಸಬೇಕು?

ಉತ್ತರ 1

ದಯವಿಟ್ಟು ಇನ್ನೊಮ್ಮೆ ಕೀಲಿ ತಿರುಗಿಸಬೇಡಿ, ಜಂಪ್ ಅಂತೂ ಕೊಡಲೇಬೇಡಿ. ಬ್ಯಾಟರಿ ಇಳಿದಿದ್ದರೆ ಇಂಜಿನ್ ನಿಧಾನವಾಗಿ ಎಳೆಯುತ್ತಾ ಸೋಲುತ್ತದೆ. ಗೋಡೆಗೆ ತಾಗಿದಂತೆ ಗಕ್ಕನೆ ನಿಲ್ಲುವುದು ಸಿಲಿಂಡರ್ ಒಳಗೆ ನೀರು ನಿಂತಿರುವುದರ ಲಕ್ಷಣವೂ ಆಗಿರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಆದ್ದರಿಂದ ಬಲವಾದ ಬ್ಯಾಟರಿ ಜೋಡಿಸಿ ಒತ್ತಾಯದಿಂದ ತಿರುಗಿಸಿದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಎಲ್ಲ ಇಂಜೆಕ್ಟರ್‌ಗಳನ್ನು ಬಿಚ್ಚಿ, ಮುಂದಿನ ಪುಲ್ಲಿಯ ಬೋಲ್ಟ್‌ಗೆ ಉದ್ದನೆಯ ಪಾನಾ ಹಾಕಿ ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟನ್ನು ಕೈಯಿಂದಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ನಾಲ್ಕು ಸ್ಟ್ರೋಕ್‌ನ ಇಂಜಿನ್‌ನಲ್ಲಿ ಎರಡು ಸುತ್ತಿಗೆ ಎಲ್ಲ ಸಿಲಿಂಡರ್‌ಗಳೂ ಒಂದೊಂದು ಆವರ್ತನ ಮುಗಿಸುತ್ತವೆ. ನೀರು ಇದ್ದರೆ ಇಂಜೆಕ್ಟರ್ ರಂಧ್ರದಿಂದ ಹೊರಬರುತ್ತದೆ, ಮುಖವನ್ನು ದೂರವಿಡಿ. ಸೈಲೆನ್ಸರ್ ಕೊಳವೆಯ ತುದಿಯಲ್ಲಿ ಮಳೆಮುಚ್ಚಳ ಇದೆಯೇ ಎಂದೂ ನೋಡಿ. ಇಂಜಿನ್ ನಿಂತಾಗ ಎಕ್ಸಾಸ್ಟ್ ವಾಲ್ವ್ ತೆರೆದಿದ್ದ ಸಿಲಿಂಡರ್‌ಗೆ ಮಳೆನೀರು ನೇರವಾಗಿ ಇಳಿದು, ಪಿಸ್ಟನ್ ರಿಂಗ್‌ಗಳನ್ನು ದಾಟಿ, ಕೊನೆಗೆ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೇರುತ್ತದೆ. ಆಯಿಲ್ ಬಿಳಿಚಿಕೊಳ್ಳಲು ಹೆಡ್ ಗ್ಯಾಸ್ಕೆಟ್ ಕೆಟ್ಟಿರಲೇಬೇಕೆಂದಿಲ್ಲ.

ಉತ್ತರ 2

ಮೇಲಿನ ಮಾತಿಗೆ ನನ್ನ ಸಹಮತವಿದೆ. ಬಂದಿರುವುದು ಮಳೆನೀರೋ ಕೂಲಂಟೋ (ಇಂಜಿನನ್ನು ತಂಪಾಗಿಸುವ, ರೇಡಿಯೇಟರ್‌ನಲ್ಲಿರುವ ದ್ರವ) ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸಬಾರದು ಎಂಬುದಷ್ಟೇ ನಾನು ಸೇರಿಸುವ ಮಾತು. ರಾತ್ರಿಯಿಡೀ ನಿಂತ ಇಂಜಿನ್‌ನ ಡ್ರೈನ್ ಪ್ಲಗ್ಗನ್ನು ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿದರೆ, ಆಯಿಲ್‌ನೊಡನೆ ಬೆರೆಯದೆ ತಳದಲ್ಲಿ ನಿಂತ ನೀರು ಮೊದಲು ಬರುತ್ತದೆ. ಆ ಮೇಲೆ ಬರುವ ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ: ಗ್ಲೈಕಾಲ್ (ಕೂಲಂಟ್‌ನಲ್ಲಿರುವ ರಾಸಾಯನಿಕ) ಅಥವಾ ಅದರ ಜೊತೆಗೆ ಬರುವ ಸೋಡಿಯಂ, ಪೊಟ್ಯಾಶಿಯಂ ಅಂಶ ಏರಿದ್ದರೆ ಕೂಲಂಟ್ ಒಳಸೋರಿದೆ ಎಂದರ್ಥ. ರೇಡಿಯೇಟರ್‌ಗೆ ಬರೀ ನೀರು ತುಂಬಿಸಿಟ್ಟಿದ್ದರೆ ಮಾತ್ರ ಈ ಪರೀಕ್ಷೆ ದಾರಿ ತಪ್ಪಿಸಬಹುದು.

ಕೂಲಂಟ್ ಎಂದು ತಿಳಿದರೂ ಹೆಡ್ ಬಿಚ್ಚುವ ಆತುರ ಬೇಡ. ಸಂಪ್ ಇಳಿಸಿ, ರೇಡಿಯೇಟರ್‌ಗೆ ಅದರ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡವನ್ನು ಕೈಪಂಪಿನಿಂದ ಕೊಟ್ಟು, ಕೆಳಗಿನಿಂದ ಟಾರ್ಚ್ ಹಿಡಿದು ನೋಡಿ. ಹನಿ ಲೈನರ್‌ನ (ಪಿಸ್ಟನ್ ಓಡಾಡುವ ಕೊಳವೆಯ) ಹೊರಮೈಯಿಂದ ಇಳಿದರೆ ಅದರ ಸುತ್ತಲಿನ ರಬ್ಬರ್ ಸೀಲು, ಅಂದರೆ ಓ-ರಿಂಗ್, ಹೋಗಿದೆ, ಲೈನರ್‌ನ ಒಳಗಿನಿಂದ ಇಳಿದರೆ ಲೈನರ್ ತೂತಾಗಿದೆ ಅಥವಾ ಮೇಲಿನ ಗ್ಯಾಸ್ಕೆಟ್ ಸೋರುತ್ತಿದೆ. ಆಯಿಲ್ ಕೂಲರ್ (ಕೂಲಂಟಿನಿಂದ ಆಯಿಲ್ ತಣಿಸುವ ಭಾಗ) ಸೋರುತ್ತಿದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಇಂಜಿನ್ ಓಡುವಾಗ ಆಯಿಲ್‌ನ ಒತ್ತಡ ಕೂಲಂಟಿನ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಆಯಿಲ್ ರೇಡಿಯೇಟರ್ ಸೇರುತ್ತದೆ. ನಿಲ್ಲಿಸಿದ ಮೇಲೆ ಕೂಲಂಟ್‌ನಲ್ಲಿ ಉಳಿದ ಒತ್ತಡ ಅದನ್ನು ಆಯಿಲ್‌ನೊಳಕ್ಕೆ ನೂಕುತ್ತದೆ. ಆದ್ದರಿಂದ ರೇಡಿಯೇಟರ್‌ನ ಬಾಯಲ್ಲಿ ಜಿಡ್ಡು ಕಂಡರೆ ಮೊದಲು ಕೂಲರನ್ನೇ ಸಂಶಯಿಸುವುದು ಲೇಸು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂಜೆಕ್ಟರ್ ಬಿಚ್ಚಿಸಿದೆವು. ಎರಡು ಸಿಲಿಂಡರ್‌ಗಳಿಂದ ತುಕ್ಕುಬಣ್ಣದ ನೀರು ಬಂತು, ಉಳಿದವು ಒಣಗಿದ್ದವು. ಮಳೆಮುಚ್ಚಳ ಮುರಿದಿದೆ. ರೇಡಿಯೇಟರ್ ಭರ್ತಿಯಿದೆ, ಅದರ ಬಾಯಲ್ಲಿ ಜಿಡ್ಡಿಲ್ಲ. ಈಗ ಕೈಯಿಂದ ಸರಾಗವಾಗಿ ತಿರುಗುತ್ತದೆ. ಇಂಜೆಕ್ಟರ್‌ಗಳಿಲ್ಲದೆಯೇ ಸ್ಟಾರ್ಟರ್ ಹಾಕಿ ನೋಡಿದರೆ ಮಾತ್ರ ತೀರಾ ನಿಧಾನ. ಎರಡೂ ಬ್ಯಾಟರಿಗಳು ಸೇರಿ ತೋರಿಸುವ 25 ವೋಲ್ಟ್ ಆಗ 17ಕ್ಕೆ ಇಳಿಯುತ್ತದೆ.

ಉತ್ತರ 3

ಅಂದರೆ ಮಾರುವವರ ಮಾತಿನಲ್ಲೂ ಅರ್ಧ ಸತ್ಯವಿತ್ತು. ಕಂಪ್ರೆಶನ್ ಹೊರೆಯೇ ಇಲ್ಲದಾಗ 17ಕ್ಕೆ ಇಳಿಯುವುದು ಸಹಜವಲ್ಲ. ಸ್ಟಾರ್ಟರ್ ತಿರುಗುತ್ತಿರುವಾಗ ಎರಡೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಒಂದು ಮಾತ್ರ ಕುಸಿದರೆ ದೋಷ ಅದರದ್ದೇ. ಎರಡೂ ಸಮನಾಗಿ ಕುಸಿದರೆ ಅವುಗಳನ್ನು ಪೂರ್ತಿ ಚಾರ್ಜ್ ಮಾಡಿ ಮತ್ತೊಮ್ಮೆ ನೋಡಿ, ಆಮೇಲೂ ಹಾಗೆಯೇ ಆದರೆ ಸ್ಟಾರ್ಟರ್ ಹೆಚ್ಚು ಕರೆಂಟ್ ಎಳೆಯುತ್ತಿರಬಹುದು. ಬ್ಯಾಟರಿಗಳು ಗಟ್ಟಿಯಾಗಿದ್ದೂ ನಿಧಾನವೆನಿಸಿದರೆ ಬ್ಯಾಟರಿಯ ಮೈನಸ್ ಕಂಬಕ್ಕೂ ಸ್ಟಾರ್ಟರ್ ಮೈಗೂ ನಡುವಿನ ಅರ್ಥ್ ತಂತಿಯನ್ನು, ಸ್ಟಾರ್ಟರ್ ತಿರುಗುವಾಗ, ಮೀಟರ್‌ನಿಂದ ಅಳೆದು ನೋಡಿ: ಅಲ್ಲಿ ಒಂದು ವೋಲ್ಟ್‌ಗಿಂತ ಹೆಚ್ಚು ನಷ್ಟವಿದ್ದರೆ ಜೋಡಣೆಗಳು ತುಕ್ಕು ಹಿಡಿದಿವೆ.

ಉತ್ತರ 1

ಸ್ಟಾರ್ಟ್ ಮಾಡುವ ಮೊದಲು ಒಂದು ಕೆಲಸ ಉಳಿದಿದೆ. ಪ್ರತಿ ಪಿಸ್ಟನ್ ತುತ್ತತುದಿಗೆ ಬಂದಾಗ ಇಂಜೆಕ್ಟರ್ ರಂಧ್ರದಿಂದ ತೆಳುವಾದ ಸರಳು ಇಳಿಸಿ ಆಳವನ್ನು ಅಳೆಯಿರಿ. ನೀರು ಬಂದ ಎರಡು ಸಿಲಿಂಡರ್‌ಗಳಲ್ಲಿ ಅಳತೆ ಉಳಿದವುಗಳಿಗಿಂತ ಹೆಚ್ಚಿದ್ದರೆ, ಹಿಂದೆ ಯಾರೋ ಬಲವಂತವಾಗಿ ತಿರುಗಿಸಿ ರಾಡ್ ಬಾಗಿಸಿರುವ ಸಾಧ್ಯತೆ ಇದೆ. ಆಗ ಇಂಜಿನ್ ಬಿಚ್ಚುವ ಖರ್ಚನ್ನು ಕಳೆದು ಬೆಲೆ ಮಾತಾಡಿ. ಅಳತೆ ಸಮನಾಗಿದ್ದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಡೀಸೆಲ್ ಟ್ಯಾಂಕಿನ ತಳದ ನೀರನ್ನೂ ಬಸಿದು ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ. ಈಥರ್ ಸ್ಪ್ರೇ ಮಾತ್ರ ಬೇಡ. ಸ್ಟಾರ್ಟ್ ಮಾಡುವಾಗ ಬಿಸಿ ಕೊಡುವ ಗ್ಲೋ ಪ್ಲಗ್ ಅಥವಾ ಹೀಟರ್ ಇರುವ ಇಂಜಿನ್‌ನಲ್ಲಿ ಅದು ಅಪಾಯಕಾರಿ. ಸ್ವಲ್ಪ ಹೊತ್ತು ಓಡಿಸಿ ಆ ಆಯಿಲನ್ನೂ ತೆಗೆದುಹಾಕಿ. ಹೊಸದಾಗಿ ಹಾಕಿದ್ದು ಮತ್ತೆ ಬಿಳಿಚಿಕೊಂಡರೆ, ಎರಡನೆಯ ಉತ್ತರದಲ್ಲಿ ಹೇಳಿರುವ ಒತ್ತಡದ ಪರೀಕ್ಷೆಯನ್ನು ಮಾಡಿಸಿ.